ಎಲ್ಲಾರಿಗೂ ಫುಲ್ ಕಂಟ್ರೋಲ್ ಕೊಟ್ಟು ಬಂದ ತಪ್ಪಿಗೆ: ಪ್ರೆಸ್ಸಿನ ಸರ್ವರ್‌ನಲ್ಲಿ ಗುಂಪಿನ ಪ್ರಕಾರ ಫೋಲ್ಡರ್ ಪರ್ಮಿಷನ್ ಹಾಕುವ ಬಗೆ

ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಸರ್ವಿಸ್ ಮಾಡುತ್ತ ನನಗೆ ಹತ್ತೊಂಬತ್ತು ವರ್ಷ ಆಯಿತು. ನಾನು ಕೂಡಿಸಿಕೊಟ್ಟ ಸರ್ವರ್‌ಗಳಲ್ಲಿ ಹಾರ್ಡ್‌ಡಿಸ್ಕ್ ಸತ್ತು ಕೆಲಸ ನಿಂತದ್ದು ನಾಲ್ಕೋ ಐದೋ ಸಲ ಇರಬೇಕು. "ಫೈಲ್ ಕಾಣವಲ್ದು", "ನನಗ ತೆರಿಯವಲ್ದು", "ಯಾರೋ ಅಳಿಸ್ಯಾರ ನೋಡ್ರಿ" ಎಂಬ ಫೋನು ಮಾತ್ರ ವಾರಕ್ಕೊಂದು ಗ್ಯಾರಂಟಿ. ಹುಡುಕುತ್ತ ಹೋದರೆ ತಪ್ಪು ಕೊನೆಗೆ ನನ್ನ ಬುಡಕ್ಕೇ ಬಂದು ನಿಲ್ಲುತ್ತದೆ. ಅವಸರದಲ್ಲಿ ಒಂದು ಫೋಲ್ಡರ್ ಮಾಡಿ, ಶೇರ್ ಕೊಟ್ಟು, ‘ಎವ್ರಿಒನ್’ ಮುಂದೆ ‘ಫುಲ್ ಕಂಟ್ರೋಲ್’ ಟಿಕ್ ಹಾಕಿ, ಅವರು ತರಿಸಿದ ಚಾ ಕುಡಿದು ಬಸ್ಸು ಹತ್ತಿದವನು ನಾನೇ.

ಗದಗದ ಒಂದು ಪ್ರೆಸ್ಸಿಗೂ ಹಾಗೇ ಮಾಡಿ ಬಂದಿದ್ದೆ. ಅಲ್ಲಿ ಲಗ್ನಪತ್ರಿಕೆ, ಹ್ಯಾಂಡ್‌ಬಿಲ್‌ಗಿಂತ ಸೊಸೈಟಿ ಕೆಲಸ ಹೆಚ್ಚು. 1905ರಷ್ಟು ಹಿಂದೆಯೇ ಕಣಗಿನಹಾಳದಲ್ಲಿ ಸಹಕಾರಿ ಸಂಘ ಹುಟ್ಟಿದ ಸೀಮೆ ಅದು. ಸೊಸೈಟಿ ಅಂದ ಮೇಲೆ ಪಾಸ್‌ಬುಕ್ಕು, ಪಾವತಿ ಪುಸ್ತಕ, ಶೇರು ಸರ್ಟಿಫಿಕೇಟು ಇದ್ದದ್ದೇ, ವರ್ಷಕ್ಕೊಮ್ಮೆ ವಾರ್ಷಿಕ ವರದಿ ಬೇರೆ. ಸರ್ವಸಾಧಾರಣ ಸಭೆಗಳೆಲ್ಲ ಸೆಪ್ಟೆಂಬರ್‌ನಲ್ಲಿ ಒಂದರ ಮೇಲೊಂದು ಬರುವುದರಿಂದ ಆ ತಿಂಗಳು ಪ್ರೆಸ್ಸಿನವರಿಗೆ ಊಟ-ನಿದ್ದೆಯ ಲೆಕ್ಕ ಇರುವುದಿಲ್ಲ. ಅಂಥ ಒಂದು ಸಂಜೆ, ವಾರ್ಷಿಕ ವರದಿಗಳಿದ್ದ ಫೋಲ್ಡರ್ ಇಡಿಯಾಗಿ ಮಾಯವಾಯಿತು. ಯಾರೂ ಅಳಿಸಿರಲಿಲ್ಲ. ಡಿಟಿಪಿಯ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ, ಹುಡುಗನ ಕೈ ಮೌಸ್ ಒತ್ತಿಹಿಡಿದಾಗ ಒಂದಿಷ್ಟು ಜಾರಿತ್ತು, ಅಷ್ಟೇ. ‘ವಾರ್ಷಿಕ ವರದಿ’ ಹೋಗಿ ‘ಲಗ್ನಪತ್ರಿಕೆ’ಯ ಹೊಟ್ಟೆಯೊಳಗೆ ಕೂತಿತ್ತು. ಫೋನಿನಲ್ಲೇ ಹೇಳಿ ಹುಡುಕಿಸುವಷ್ಟರಲ್ಲಿ ಎರಡು ತಾಸು ಹೋಯಿತು. ಅಲ್ಲಿ ಪ್ರೂಫ್ ನೋಡುವ ನಿವೃತ್ತ ಮಾಸ್ತರ್ರು ಫೋನ್ ಇಸಕೊಂಡು ಒಂದೇ ಮಾತು ಹೇಳಿದರು: "ಮಂಗ್ಯಾನ ಕೈಯಾಗ ಮಾಣಿಕ್ಯ ಕೊಟ್ಟು ಹೋಗೀರಿ, ಸರ. ತಪ್ಪು ಮಂಗ್ಯಾಂದಲ್ಲ." ಹಿಂದೆ ಡಿಟಿಪಿ ಹುಡುಗರು ನಗುವುದು ಕೇಳಿಸುತ್ತಿತ್ತು.

ಮರುದಿನ ಗದಗಕ್ಕೆ ಹೋಗುವ ಬಸ್ಸಿನಲ್ಲಿ, ಅಣ್ಣಿಗೇರಿ ದಾಟುವಷ್ಟರಲ್ಲಿ ಒಂದು ನೋಟ್‌ಬುಕ್ಕಿನ ಎರಡು ಹಾಳೆ ತುಂಬಿಸಿದ್ದೆ. ಆಮೇಲೆ ಅಲ್ಲಿ ಇನ್ನೊಮ್ಮೆ ಎಡವಿ ತಿದ್ದಿದ್ದೂ ಸೇರಿ, ಈಗ ಎಲ್ಲ ಆಫೀಸಿಗೂ ಇದೇ ಪದ್ಧತಿ ಹಾಕುತ್ತೇನೆ. ವಿಂಡೋಸ್ ಸರ್ವರ್, ಡೊಮೇನ್ (ಎಲ್ಲರ ಲಾಗಿನ್ ಒಂದೇ ಸರ್ವರ್ ನೋಡಿಕೊಳ್ಳುವ ಏರ್ಪಾಡು), ಹತ್ತಿಪ್ಪತ್ತು ಮಂದಿ ಇದ್ದ ಕಡೆ ಇದು ನೇರವಾಗಿ ನಡೆಯುತ್ತದೆ.

ಮೌಸ್ ಮುಟ್ಟುವ ಮೊದಲು

"ನಿಮಗ ಯಾವ ಫೋಲ್ಡರ್ ಬೇಕ್ರಿ?" ಎಂದು ಕೇಳುತ್ತ ಹೋಗಬೇಡಿ. ಎಲ್ಲರ ಉತ್ತರವೂ ಒಂದೇ: "ಎಲ್ಲಾ ಇರಲಿ ಬಿಡ್ರಿ." ನಾನು ಕೇಳುವುದು ಎರಡು ಪ್ರಶ್ನೆ. ನಿಮ್ಮ ಕೈಗೆ ಫೈಲ್ ಯಾರು ಕೊಡತಾರ? ನಿಮ್ಮ ಕೆಲಸ ಮುಗಿದ ಮ್ಯಾಲೆ ಯಾರಿಗೆ ಕೊಡತೀರಿ? ಈ ಎರಡು ಕೇಳಿದರೆ ಫೈಲ್ ನಡೆಯುವ ದಾರಿ ತಾನೇ ಬಿಚ್ಚಿಕೊಳ್ಳುತ್ತದೆ. ಪರ್ಮಿಷನ್ ಹಾಕಬೇಕಾದದ್ದು ಆ ದಾರಿಗೆ.

ಈ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಟ್ಟುವವರು ಹನ್ನೊಂದು ಮಂದಿ. ಡಿಟಿಪಿಗೆ ನಾಲ್ವರು, ಪ್ರೂಫ್‌ಗೆ ಇಬ್ಬರು, ಪ್ರಿಂಟಿಂಗ್ ಪ್ಲೇಟ್ ತೆಗೆಯುವವರು ಒಬ್ಬರು, ಲೆಕ್ಕಕ್ಕೆ ಇಬ್ಬರು, ಜೊತೆಗೆ ಸಾಹುಕಾರರು ಮತ್ತು ಅವರ ಮಗ. ಮಷಿನ್ ಹಾಲ್‌ನವರು ಜಾಬ್ ಕಾರ್ಡ್ ನೋಡಿ ಕೆಲಸ ಮಾಡುತ್ತಾರೆ, ಅವರಿಗೆ ಲಾಗಿನ್ ಬೇಕಿಲ್ಲ. ಕಾಗದದ ಮೇಲೆ ಬಂದ ಲೆಕ್ಕ ಇದು: ಡಿಟಿಪಿಯವರು ತಮ್ಮ ಫೋಲ್ಡರ್‌ನಲ್ಲಿ ಬೇಕಾದ್ದು ಮಾಡಲಿ. ಪ್ರೂಫ್ ಫೋಲ್ಡರ್‌ನಲ್ಲಿ ಡಿಟಿಪಿಯವರೂ ಪ್ರೂಫ್‌ನವರೂ ತಿದ್ದಬೇಕು, ಯಾಕೆಂದರೆ ಫೈಲ್ ಅಲ್ಲಿ ಮೂರು ನಾಲ್ಕು ಸಲ ಹೋಗಿ ಬರುತ್ತದೆ. ಪ್ಲೇಟ್ ಫೋಲ್ಡರ್‌ಗೆ ಡಿಟಿಪಿಯವರು ಪಿಡಿಎಫ್ ಹಾಕಬೇಕು, ಆದರೆ ಹಾಕಿದ ಮೇಲೆ ಮುಟ್ಟಬಾರದು. ಲೆಕ್ಕದವರು ಎಷ್ಟು ಪ್ಲೇಟ್ ಹೊಡೆದರೆಂದು ನೋಡಿ ಬಿಲ್ ಮಾಡುವುದರಿಂದ ಅವರಿಗೆ ಪ್ಲೇಟ್ ಫೋಲ್ಡರ್ ಕಾಣಬೇಕು, ಓದಲಿಕ್ಕೆ ಮಾತ್ರ. ಲೆಕ್ಕದ ಫೋಲ್ಡರ್ ಲೆಕ್ಕದವರಿಗೆ ಮತ್ತು ಮನೆಯವರಿಗೆ.

ಈ ಕಾಗದಕ್ಕೆ ಸಾಹುಕಾರರ ಸಹಿ ಹಾಕಿಸಿಕೊಂಡೆ. ನಾಳೆ ಯಾರಾದರೂ "ನನಗ್ಯಾಕ ಬಂದ್ ಮಾಡೀರಿ?" ಎಂದರೆ ತೋರಿಸಲಿಕ್ಕೆ.

ಮನುಷ್ಯರಿಗೆ ಗುಂಪು, ಗುಂಪಿಗೆ ಹಕ್ಕು

ಫೋಲ್ಡರ್‌ಗೆ ಯಾವತ್ತೂ ಒಬ್ಬ ಮನುಷ್ಯನ ಹೆಸರು ಹಾಕಬೇಡಿ. ಆತ ಬಿಟ್ಟುಹೋದ ದಿನ ಮೂವತ್ತು ಫೋಲ್ಡರ್ ತೆರೆದು ಅವನ ಹೆಸರು ಹುಡುಕಬೇಕಾಗುತ್ತದೆ. ಅಕೌಂಟ್ ಅಳಿಸಿಬಿಟ್ಟರಂತೂ ಹೆಸರಿನ ಜಾಗದಲ್ಲಿ ‘ಎಸ್-1-5-21’ ಅಂತ ಶುರುವಾಗುವ ಉದ್ದ ನಂಬರ್ ಉಳಿದು, ಅದು ಯಾರೆಂದೇ ತಿಳಿಯುವುದಿಲ್ಲ.

ಡೊಮೇನ್‌ನ ಯೂಸರ್, ಗುಂಪು ಮಾಡುವ ‘ಆ್ಯಕ್ಟಿವ್ ಡೈರೆಕ್ಟರಿ ಯೂಸರ್ಸ್ ಆ್ಯಂಡ್ ಕಂಪ್ಯೂಟರ್ಸ್’ ತೆರೆದು ನಾನು ಎರಡು ಬಗೆಯ ಗುಂಪು ಮಾಡುತ್ತೇನೆ. ಮೊದಲನೆಯದು ಮಂದಿಯ ಗುಂಪು: ‘ಮಂದಿ-ಡಿಟಿಪಿ’, ‘ಮಂದಿ-ಪ್ರೂಫ್’, ‘ಮಂದಿ-ಪ್ಲೇಟ್’, ‘ಮಂದಿ-ಲೆಕ್ಕ’, ‘ಮಂದಿ-ಮಾಲೀಕ’. ಇವು ‘ಗ್ಲೋಬಲ್’ ಗುಂಪುಗಳು (ಗುಂಪು ಮಾಡುವಾಗ ಕೇಳುವ ‘ಗ್ರೂಪ್ ಸ್ಕೋಪ್’ನಲ್ಲಿ ಆರಿಸುವುದು). ಎರಡನೆಯದು ಹಕ್ಕಿನ ಗುಂಪು: ‘ಹಕ್ಕು-ಪ್ರೂಫ್-ತಿದ್ದು’, ‘ಹಕ್ಕು-ಪ್ಲೇಟ್-ಓದು’, ‘ಹಕ್ಕು-ಪ್ಲೇಟ್-ಹಾಕು’ ಹೀಗೆ. ಇವು ‘ಡೊಮೇನ್ ಲೋಕಲ್’. ಮನುಷ್ಯ ಮಂದಿಯ ಗುಂಪಿಗೆ, ಮಂದಿಯ ಗುಂಪು ಹಕ್ಕಿನ ಗುಂಪಿಗೆ, ಹಕ್ಕಿನ ಗುಂಪು ಫೋಲ್ಡರ್‌ಗೆ. ಹನ್ನೊಂದು ಮಂದಿಗೆ ಇಷ್ಟೆಲ್ಲ ಯಾಕೆ ಅಂತ ನನಗೂ ಮೊದಲು ಅನಿಸಿತ್ತು. ಒಮ್ಮೆ ಮಾಡಿಟ್ಟರೆ ಆಮೇಲೆ ಫೋಲ್ಡರ್‌ನ ಸೆಕ್ಯೂರಿಟಿ ಟ್ಯಾಬ್ ತೆರೆಯುವ ಕೆಲಸವೇ ಬೀಳುವುದಿಲ್ಲ, ಗುಂಪಿನ ಪಟ್ಟಿ ಓದಿದರೆ ಯಾರಿಗೆ ಏನಿದೆ ಎಂದು ಗೊತ್ತಾಗುತ್ತದೆ. ಹೆಸರುಗಳನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ, ಕಮಾಂಡ್ ಬರೆಯುವಾಗ ಸುಲಭ.

ಡೊಮೇನ್ ಇಲ್ಲದ, ಬರೀ ವರ್ಕ್‌ಗ್ರೂಪ್ (ಒಂದೊಂದು ಕಂಪ್ಯೂಟರ್‌ಗೂ ಅದರದೇ ಲಾಗಿನ್ ಪಟ್ಟಿ) ಇರುವ ಸಣ್ಣ ಆಫೀಸಿನಲ್ಲಿ ಈ ಎರಡು ಹಂತ ನಡೆಯುವುದಿಲ್ಲ; ಅಲ್ಲಿ ಒಂದು ಲೋಕಲ್ ಗುಂಪಿನೊಳಗೆ ಇನ್ನೊಂದು ಲೋಕಲ್ ಗುಂಪು ಸೇರುವುದಿಲ್ಲ. ಒಂದೇ ಹಂತ ಸಾಕು ಮಾಡಿಕೊಳ್ಳಬೇಕು. ಸರ್ವರ್ ಬದಲು ವಿಂಡೋಸ್ 10 ಅಥವಾ 11 ಪ್ರೊ ಇಟ್ಟುಕೊಂಡವರು ಇನ್ನೊಂದು ನೆನಪಿಡಿ: ಏಕಕಾಲಕ್ಕೆ 20 ಕನೆಕ್ಷನ್‌ಗಿಂತ ಹೆಚ್ಚು ಅದು ತಗೊಳ್ಳುವುದಿಲ್ಲ.

ಮತ್ತೆ, ನಾಲ್ವರಿಗೂ ಸೇರಿ ‘ಡಿಟಿಪಿ’ ಅಂತ ಒಂದೇ ಲಾಗಿನ್, ಪಾಸ್‌ವರ್ಡ್ ಮಾನಿಟರ್‌ಗೆ ಅಂಟಿಸಿದ ಚೀಟಿ. ಇದನ್ನು ಮೊದಲ ದಿನವೇ ತೆಗೆಸಿದೆ. ಹುಡುಗರು ಗೊಣಗಿದರು. ಗೊಣಗಲಿ.

ಅಗಸಿ ಬಾಗಿಲು, ಕೋಣೆ ಬಾಗಿಲು

ವಿಂಡೋಸ್‌ನಲ್ಲಿ ನೆಟ್‌ವರ್ಕಿನಿಂದ ಬರುವವರು ಎರಡು ಬಾಗಿಲು ದಾಟಬೇಕು. ಊರ ಅಗಸಿಯಂತೆ, ಅಂದರೆ ಹೆಬ್ಬಾಗಿಲಿನಂತೆ, ಮೊದಲನೆಯದು ಶೇರ್ ಪರ್ಮಿಷನ್, ಅದರಲ್ಲಿ ಮೂರೇ ಬಗೆ: ರೀಡ್, ಚೇಂಜ್, ಫುಲ್ ಕಂಟ್ರೋಲ್. ಒಳಗೆ ಕೋಣೆ ಬಾಗಿಲಿನಂತೆ ಎನ್‌ಟಿಎಫ್‌ಎಸ್ ಪರ್ಮಿಷನ್, ಅಂದರೆ ಡಿಸ್ಕಿನ ಫೋಲ್ಡರ್, ಫೈಲ್‌ಗಳ ಮೇಲೆಯೇ ಸೆಕ್ಯೂರಿಟಿ ಟ್ಯಾಬ್‌ನಲ್ಲಿ ಹಾಕುವ ಹಕ್ಕು; ಅದರಲ್ಲಿ ಬಗೆ ಬಹಳ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಒಳಗೆ ‘ಮಾಡಿಫೈ’ (ತಿದ್ದುವ, ಅಳಿಸುವ ಹಕ್ಕು) ಕೊಟ್ಟು ಹೊರಗೆ ‘ರೀಡ್’ ಬಿಟ್ಟಿದ್ದರೆ ಯಾರೂ ಏನೂ ಸೇವ್ ಮಾಡಲಾರರು. ಹೊಸ ಶೇರ್‌ಗೆ ವಿಂಡೋಸ್ ತಾನಾಗಿ ಹಾಕುವುದು ‘ಎವ್ರಿಒನ್ – ರೀಡ್’ ಆದ್ದರಿಂದ ಈ ಫಜೀತಿ ಹೊಸಬರಿಗೆ ಖಾಯಂ. ಸರ್ವರ್ ಮುಂದೆಯೇ ಕೂತು ಫೋಲ್ಡರ್ ತೆರೆದರೆ ಅಗಸಿ ಬಾಗಿಲು ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ಸರ್ವರ್ ಮೇಲೆ ಪರೀಕ್ಷೆ ಮಾಡಿ "ಎಲ್ಲ ಸರಿ ಐತಿ" ಎಂದು ಎದ್ದು ಬರಬಾರದು.

ಅಗಸಿಯಲ್ಲಿ ನಾನು ಹಾಕುವುದು ಎರಡೇ ಸಾಲು. ‘ಎವ್ರಿಒನ್’ ತೆಗೆದು ‘ಅಥೆಂಟಿಕೇಟೆಡ್ ಯೂಸರ್ಸ್’ಗೆ (ಲಾಗಿನ್ ಆಗಿ ಬಂದವರಿಗೆ) ಚೇಂಜ್, ‘ಅಡ್ಮಿನಿಸ್ಟ್ರೇಟರ್ಸ್’ಗೆ ಫುಲ್ ಕಂಟ್ರೋಲ್. ಬಹಳ ಮಂದಿ ಇಲ್ಲಿ ಎಲ್ಲರಿಗೂ ಫುಲ್ ಕಂಟ್ರೋಲ್ ಕೊಟ್ಟು, ಬಿಗಿಯೆಲ್ಲ ಎನ್‌ಟಿಎಫ್‌ಎಸ್‌ನಲ್ಲಿ ಮಾಡಿ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಫೈಲ್ ಹುಟ್ಟಿಸಿದವನು ಅದರ ಓನರ್ ಆಗುತ್ತಾನೆ, ಓನರ್‌ಗೆ ತನ್ನ ಫೈಲಿನ ಪರ್ಮಿಷನ್ ಬದಲಿಸುವ ಹಕ್ಕು ಯಾರೂ ಕೊಡದೆಯೂ ಇರುತ್ತದೆ. ಅಗಸಿಯಲ್ಲಿ ಚೇಂಜ್ ಮಾತ್ರ ಇದ್ದರೆ ನೆಟ್‌ವರ್ಕಿನಿಂದ ಆ ಆಟ ನಡೆಯುವುದಿಲ್ಲ.

ಫೋಲ್ಡರ್ ಕಟ್ಟುವುದು

ಸಿ ಡ್ರೈವ್ ಬಿಟ್ಟು ಡಿ ಡ್ರೈವ್‌ನಲ್ಲಿ ‘ಪ್ರೆಸ್’ ಎಂಬ ಒಂದು ಫೋಲ್ಡರ್. ಅದರೊಳಗೆ ‘01-ಡಿಟಿಪಿ’, ‘02-ಪ್ರೂಫ್’, ‘03-ಪ್ಲೇಟ್’, ‘04-ಲೆಕ್ಕ’. ‘ಪ್ರೆಸ್’ ಅನ್ನು ಶೇರ್ ಮಾಡಬೇಡಿ, ಒಳಗಿನ ನಾಲ್ಕನ್ನೂ ಬೇರೆ ಬೇರೆ ಶೇರ್ ಮಾಡಿ. ಯಾಕೆಂದು ಮುಂದೆ ಹೇಳುತ್ತೇನೆ, ಅದೇ ನಾನು ಎರಡನೇ ಸಲ ಎಡವಿದ ಜಾಗ.

‘ಪ್ರೆಸ್’ ಮೇಲೆ ರೈಟ್ ಕ್ಲಿಕ್, ‘ಪ್ರಾಪರ್ಟೀಸ್’, ‘ಸೆಕ್ಯೂರಿಟಿ’, ‘ಅಡ್ವಾನ್ಸ್ಡ್’. ‘ಡಿಸೇಬಲ್ ಇನ್ಹೆರಿಟೆನ್ಸ್’ ಒತ್ತಿ, ಮೇಲಿನಿಂದ ಪರ್ಮಿಷನ್ ತಾನಾಗಿ ಇಳಿದು ಬರುವುದು ಅಲ್ಲಿಗೆ ನಿಲ್ಲುತ್ತದೆ. ಆಗ ಎರಡು ಆಯ್ಕೆ ಕೇಳುತ್ತದೆ. ‘ಕನ್ವರ್ಟ್’ ಎಂದು ಶುರುವಾಗುವುದನ್ನೇ ಆರಿಸಿ. ಇನ್ನೊಂದು ಎಲ್ಲವನ್ನೂ ಗುಡಿಸಿ ಹಾಕುತ್ತದೆ, ಆಮೇಲೆ ಕೆಲವು ಬ್ಯಾಕಪ್ ಸಾಫ್ಟ್‌ವೇರ್ ಕೂಡ ಒಳಗೆ ಹೋಗದೆ ಹೊರಗೇ ನಿಲ್ಲಬಹುದು. ಈಗ ಪಟ್ಟಿಯಲ್ಲಿ ‘ಸಿಸ್ಟಮ್’ ಮತ್ತು ‘ಅಡ್ಮಿನಿಸ್ಟ್ರೇಟರ್ಸ್’ ಉಳಿಸಿ, ‘ಯೂಸರ್ಸ್’ ಸಾಲುಗಳನ್ನು ಮತ್ತು ‘ಕ್ರಿಯೇಟರ್ ಓನರ್’ ಸಾಲನ್ನು ತೆಗೆಯಿರಿ. ಕ್ರಿಯೇಟರ್ ಓನರ್ ಉಳಿಸಿದರೆ ಫೋಲ್ಡರ್ ಮಾಡಿದವನಿಗೆಲ್ಲ ಅದರ ಒಳಗೆ ಫುಲ್ ಕಂಟ್ರೋಲ್ ಹುಟ್ಟುತ್ತದೆ. ಸುಮ್ಮನೆ ಕಾಣುವ ಸಾಲು ಅದು, ಆದರೆ ನೀವು ಕಟ್ಟಿದ್ದನ್ನೆಲ್ಲ ಒಳಗಿಂದ ಕೊರೆಯುತ್ತದೆ.

ಇನ್ನು ‘01-ಡಿಟಿಪಿ’. ಇದರ ಒಳಗೆ ‘ವಾರ್ಷಿಕ ವರದಿ’, ‘ಲಗ್ನಪತ್ರಿಕೆ’, ‘ಶಾಲೆ’, ‘ಪಂಚಾಂಗ’ ಎಂಬ ಖಾಯಂ ಫೋಲ್ಡರ್‌ಗಳನ್ನು ನಾನೇ ಮಾಡಿಟ್ಟೆ. ಅವುಗಳ ಒಳಗೆ ಡಿಟಿಪಿಯವರು ಬೇಕಾದಷ್ಟು ಫೋಲ್ಡರ್ ಮಾಡಲಿ, ಅಳಿಸಲಿ. ಖಾಯಂ ಫೋಲ್ಡರ್ ಮಾತ್ರ ಅಲುಗಬಾರದು. ಸೆಪ್ಟೆಂಬರ್ ಸಂಜೆಯ ಕಾಯಿಲೆಗೆ ಔಷಧ ಇಲ್ಲಿದೆ.

ಸಾಮಾನ್ಯವಾಗಿ ಎಲ್ಲರೂ ಗುಂಪಿಗೆ ‘ಮಾಡಿಫೈ’ ಕೊಟ್ಟು ಮುಗಿಸುತ್ತಾರೆ. ಮಾಡಿಫೈ ಒಳಗೆ ಡಿಲೀಟ್ ಹಕ್ಕು ಸೇರಿದೆ, ಅದು ಒಳಗಿನ ಫೈಲ್‌ಗಳಿಗಲ್ಲದೆ ಆ ಫೋಲ್ಡರ್‌ಗೂ ಹತ್ತುತ್ತದೆ. ಫೋಲ್ಡರ್ ಎಳೆದು ಬೇರೆ ಕಡೆ ಬಿಡಲಿಕ್ಕೂ ವಿಂಡೋಸ್ ಕೇಳುವುದು ಆ ಡಿಲೀಟ್ ಹಕ್ಕನ್ನೇ. ಅದಕ್ಕೇ ಕೈ ಜಾರಿದರೆ ಫೋಲ್ಡರ್ ಹಾರುತ್ತದೆ.

ಹಾಗಾಗಿ ಒಂದು ಗುಂಪಿಗೆ ಎರಡು ಸಾಲು ಹಾಕಿ. ‘ವಾರ್ಷಿಕ ವರದಿ’ಯ ಅಡ್ವಾನ್ಸ್ಡ್ ಕಿಟಕಿಯಲ್ಲಿ ‘ಆ್ಯಡ್’, ಗುಂಪು ‘ಹಕ್ಕು-ಡಿಟಿಪಿ-ತಿದ್ದು’. ‘ಅಪ್ಲೈಸ್ ಟು’ ಎಂಬಲ್ಲಿ ‘ದಿಸ್ ಫೋಲ್ಡರ್ ಓನ್ಲಿ’ ಆರಿಸಿ. ‘ರೀಡ್ ಆ್ಯಂಡ್ ಎಕ್ಸಿಕ್ಯೂಟ್’ ಇರಲಿ. ಬಲಗಡೆ ‘ಶೋ ಅಡ್ವಾನ್ಸ್ಡ್ ಪರ್ಮಿಷನ್ಸ್’ ಒತ್ತಿದರೆ ಉದ್ದ ಪಟ್ಟಿ ಬಿಚ್ಚುತ್ತದೆ. ಅದರಲ್ಲಿ ‘ಕ್ರಿಯೇಟ್ ಫೈಲ್ಸ್’ ಮತ್ತು ‘ಕ್ರಿಯೇಟ್ ಫೋಲ್ಡರ್ಸ್’ ಟಿಕ್ ಮಾಡಿ, ‘ಡಿಲೀಟ್’ ಖಾಲಿ ಬಿಡಿ. ಓಕೆ. ಮತ್ತೆ ‘ಆ್ಯಡ್’, ಅದೇ ಗುಂಪು, ಈ ಸಲ ‘ಸಬ್‌ಫೋಲ್ಡರ್ಸ್ ಆ್ಯಂಡ್ ಫೈಲ್ಸ್ ಓನ್ಲಿ’, ಹಕ್ಕು ಮಾಡಿಫೈ. ಮೇಲಿನ ‘01-ಡಿಟಿಪಿ’ಗೆ ಗುಂಪಿಗೆ ‘ದಿಸ್ ಫೋಲ್ಡರ್ ಓನ್ಲಿ’, ಬರೀ ಓದು. ಅಲ್ಲಿ ಯಾರೂ ‘ನ್ಯೂ ಫೋಲ್ಡರ್ (3)’ ಹುಟ್ಟಿಸಲಾರರು, ಅದೊಂದು ದೊಡ್ಡ ಸುಖ.

ಆಮೇಲೆ ಆ ಹುಡುಗನನ್ನೇ ಕರೆದು ಕೂಡಿಸಿ, "ಈಗ ಎಳಿ ನೋಡೋಣು" ಅಂದೆ. ಎಳೆದ. ‘ಯೂ ನೀಡ್ ಪರ್ಮಿಷನ್’ ಎಂಬ ಪೆಟ್ಟಿಗೆ ಬಂತು. ಇನ್ನೊಮ್ಮೆ ಎಳೆದ. ಮೂರನೇ ಸಲ ಡಿಲೀಟ್ ಕೀ ಒತ್ತಿದ, ಆಗಲೂ ಅಲ್ಲಾಡಲಿಲ್ಲ. ಮಾಸ್ತರ್ರು ಕನ್ನಡಕದ ಮೇಲಿಂದ ನೋಡಿ ಏನೂ ಹೇಳದೆ ಪ್ರೂಫ್‌ಗೆ ಮರಳಿದರು.

ಕಟ್-ಪೇಸ್ಟ್ ಎಂಬ ಕಾಣದ ಗುಂಡಿ

ಎರಡು ದಿನ ಬಿಟ್ಟು ಮಾಸ್ತರ್ರದೇ ಫೋನು. "ಪ್ರೂಫ್ ಫೋಲ್ಡರ್‌ನ್ಯಾಗ ಫೈಲ್ ಹೆಸರು ಕಾಣ್ತೈತ್ರಿ. ಒತ್ತಿದ್ರ ‘ಆ್ಯಕ್ಸೆಸ್ ಡಿನೈಡ್’ ಅಂತೈತಿ. ಎಲ್ಲಾ ಅಲ್ಲ, ಒಂದಿಷ್ಟು. ನಿನ್ನೆ ಒಬ್ಬ ಹುಡುಗ ಕೊಟ್ಟಿದ್ದು ತೆರೀತಾವ, ಇನ್ನೊಬ್ಬ ಕೊಟ್ಟಿದ್ದು ತೆರಿಯಂಗಿಲ್ಲ."

ಒಬ್ಬ ಹುಡುಗ ಕಾಪಿ ಮಾಡಿ ಪೇಸ್ಟ್ ಮಾಡುತ್ತಿದ್ದ. ಇನ್ನೊಬ್ಬ ಕಟ್ ಮಾಡಿ ಪೇಸ್ಟ್ ಮಾಡುತ್ತಿದ್ದ. ವ್ಯತ್ಯಾಸ ಇಷ್ಟೇ. ಕಾಪಿ ಮಾಡಿದಾಗ ಹೊಸ ಫೈಲ್ ಹುಟ್ಟುತ್ತದೆ, ಹುಟ್ಟಿದ ಫೋಲ್ಡರ್‌ನ ಪರ್ಮಿಷನ್ ಪಡೆಯುತ್ತದೆ. ಒಂದೇ ಡ್ರೈವ್ ಒಳಗೆ ಕಟ್ ಮಾಡಿದರೆ ಫೈಲ್ ಇದ್ದಲ್ಲೇ ಇರುತ್ತದೆ, ವಿಳಾಸ ಮಾತ್ರ ಬದಲಾಗುತ್ತದೆ, ಹಳೆಯ ಪರ್ಮಿಷನ್ ಮೈಗೆ ಅಂಟಿಕೊಂಡೇ ಹೋಗುತ್ತದೆ. ಡಿಟಿಪಿ ಫೋಲ್ಡರ್‌ನಲ್ಲಿ ಮಾಸ್ತರ್ರ ಗುಂಪಿಗೆ ಹಕ್ಕಿರಲಿಲ್ಲ. ಫೈಲ್ ಪ್ರೂಫ್ ಮನೆಗೆ ಬಂದರೂ ಅದಕ್ಕೆ ತವರಿನ ಕಾನೂನೇ.

"ಎಲ್ಲಾರೂ ಕಾಪಿನ ಮಾಡ್ರಿ" ಎಂದು ಹೇಳಿ ನೋಡಿದೆ. ಮೂರು ದಿನ ನಡೆಯಿತು. ಮಂದಿಯ ರೂಢಿಯನ್ನು ಹೇಳಿ ಬದಲಿಸುವುದಕ್ಕಿಂತ ಸರ್ವರ್ ಬದಲಿಸುವುದು ಸುಲಭ. ಅಲ್ಲಿಯವರೆಗೆ ‘ಪ್ರೆಸ್’ ಒಂದೇ ಶೇರ್ ಆಗಿತ್ತು, ನಾಲ್ಕೂ ಅದರ ಒಳಗಿದ್ದವು. ಅದನ್ನು ಮುರಿದು ನಾಲ್ಕು ಬೇರೆ ಶೇರ್ ಮಾಡಿದೆ, ನಾಲ್ಕು ಬೇರೆ ಡ್ರೈವ್ ಅಕ್ಷರ ಕೊಟ್ಟೆ. ಒಂದು ಶೇರ್‌ನಿಂದ ಇನ್ನೊಂದು ಶೇರ್‌ಗೆ ಕಟ್ ಮಾಡಿದರೆ ವಿಂಡೋಸ್ ಅದನ್ನು ಬೇರೆ ಜಾಗವೆಂದೇ ತಿಳಿದು ಕಾಪಿ ಮಾಡಿ ಆಮೇಲೆ ಮೊದಲಿನದನ್ನು ಅಳಿಸುತ್ತದೆ. ಹೊಸ ಫೈಲ್‌ಗೆ ಹೊಸ ಮನೆಯ ಪರ್ಮಿಷನ್. ಹುಡುಗರು ಕಟ್ ಮಾಡುತ್ತಲೇ ಇದ್ದಾರೆ, ಮಾಸ್ತರ್ರಿಗೆ ಎಲ್ಲವೂ ತೆರೆಯುತ್ತಿವೆ.

ಈಗಾಗಲೇ ಹಾಗೆ ಕೆಟ್ಟ ಫೈಲ್‌ಗಳಿದ್ದರೆ ಒಂದೊಂದೇ ತೆರೆದು ಕೂಡಬೇಡಿ. ಸರ್ವರ್‌ನಲ್ಲಿ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಸಿಎಸಿಎಲ್‌ಎಸ್’ (icacls) ಕಮಾಂಡ್, ಮುಂದೆ ಪ್ರೂಫ್ ಫೋಲ್ಡರ್‌ನ ವಿಳಾಸ ಬರೆದು ಕೊನೆಗೆ ‘\*’ ಚಿಹ್ನೆ, ಆಮೇಲೆ ‘/ರೀಸೆಟ್’ ಮತ್ತು ‘/ಟಿ’. ಒಳಗಿನದೆಲ್ಲ ಮೇಲಿನ ಫೋಲ್ಡರ್ ಹೇಳಿದಂತೆ ಕೇಳುತ್ತದೆ. ಆ ‘\*’ ಚಿಹ್ನೆ ಮರೆತರೆ ಫೋಲ್ಡರ್ ಮೇಲೆ ನೀವು ಕೈಯಿಂದ ಹಾಕಿದ ಸಾಲುಗಳೂ ಹೋಗುತ್ತವೆ. ಡಿಟಿಪಿ ಫೋಲ್ಡರ್ ಮೇಲೆ ಇದನ್ನು ಓಡಿಸಬೇಡಿ, ಖಾಯಂ ಫೋಲ್ಡರ್‌ಗಳ ಎರಡು ಸಾಲಿನ ಕಟ್ಟಡ ಅದರಲ್ಲಿ ಕುಸಿಯುತ್ತದೆ.

ಪ್ಲೇಟ್: ಹಾಕಬಹುದು, ತೆಗೆಯಬಾರದು

ಸಾಹುಕಾರರು ಓಕೆ ಹೇಳಿದ ಪಿಡಿಎಫ್ ಪ್ಲೇಟ್ ಫೋಲ್ಡರ್‌ಗೆ ಬಂದ ಮೇಲೆ "ಒಂದ ಅಕ್ಷರ ಐತ್ರಿ, ತಿದ್ದಿಬಿಡ್ತೀನಿ" ಅಂತ ಯಾರಾದರೂ ಕೈ ಹಾಕಿದರೆ ಪ್ಲೇಟೊಂದು, ಫೈಲೊಂದು ಆಗುತ್ತದೆ. ಇಲ್ಲಿ ದೇವಸ್ಥಾನದ ಹುಂಡಿಯ ಲೆಕ್ಕ ಬೇಕು.

‘ಹಕ್ಕು-ಪ್ಲೇಟ್-ಹಾಕು’ ಗುಂಪಿಗೆ (ಅದರೊಳಗೆ ‘ಮಂದಿ-ಡಿಟಿಪಿ’) ಎರಡು ಸಾಲು: ಫೋಲ್ಡರ್ ಮತ್ತು ಒಳಗಿನದಕ್ಕೆಲ್ಲ ‘ರೀಡ್ ಆ್ಯಂಡ್ ಎಕ್ಸಿಕ್ಯೂಟ್’, ಫೋಲ್ಡರ್‌ಗೆ ಮಾತ್ರ ‘ಕ್ರಿಯೇಟ್ ಫೈಲ್ಸ್’. ಪ್ಲೇಟ್‌ನವರಿಗೆ ಮಾಡಿಫೈ, ಲೆಕ್ಕದವರಿಗೆ ಓದು. ಡಿಟಿಪಿಯವರು ಹಾಕಿದ ಫೈಲ್ ಅವರಿಗೆ ಕಾಣುತ್ತದೆ, ತೆರೆಯುತ್ತದೆ, ಆದರೆ ತಿದ್ದಲಿಕ್ಕೆ ಅಳಿಸಲಿಕ್ಕೆ ಬರುವುದಿಲ್ಲ. ಓನರ್ ಅವರೇ ಆದರೂ ಪರ್ಮಿಷನ್ ಬದಲಿಸಲಾರರು, ಅಗಸಿಯಲ್ಲಿ ಚೇಂಜ್ ಮಾತ್ರ ಇದೆಯಲ್ಲ. ತಪ್ಪು ಫೈಲ್ ಹಾಕಿದರೆ ಪ್ಲೇಟ್‌ನವರ ಹತ್ತಿರ ಹೋಗಿ ಬಾಯಿಬಿಟ್ಟು ಹೇಳಬೇಕು, ನಮಗೆ ಬೇಕಾದದ್ದೂ ಅದೇ.

ಒಂದು ತೊಡಕು ಇದೆ. ಸಾಫ್ಟ್‌ವೇರ್‌ನಿಂದ ನೇರವಾಗಿ ಈ ಫೋಲ್ಡರ್‌ಗೆ ‘ಸೇವ್ ಆ್ಯಸ್’ ಮಾಡಿದರೆ ಕೆಲವು ಪ್ರೋಗ್ರಾಂ ಎರರ್ ಕೊಡುತ್ತವೆ. ಅವು ಮೊದಲು ಒಂದು ತಾತ್ಕಾಲಿಕ ಫೈಲ್ ಬರೆದು ಆಮೇಲೆ ಅದರ ಹೆಸರು ಬದಲಿಸುತ್ತವೆ, ಹೆಸರು ಬದಲಿಸಲಿಕ್ಕೆ ಡಿಲೀಟ್ ಹಕ್ಕು ಬೇಕು. ಪಿಡಿಎಫ್ ತಮ್ಮ ಫೋಲ್ಡರ್‌ನಲ್ಲಿ ಮಾಡಿ, ಆಮೇಲೆ ಎತ್ತಿ ಇಲ್ಲಿ ಹಾಕಲಿ.

ಫೈಲ್ ಹೆಸರಿನ ಮಾತೂ ಬಂತು. ಹಳೆಯ ನುಡಿ ಫಾಂಟಿನಲ್ಲಿ ಹೆಸರು ಟೈಪ್ ಮಾಡಿದರೆ ಫೋಲ್ಡರ್ ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣುತ್ತದೆ, ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಶುದ್ಧ ಕನ್ನಡ ಕಾಣುತ್ತದೆ. ಆ ಪ್ರೆಸ್ಸಿನ ಪ್ಲೇಟ್ ಮಷಿನ್‌ನ ಹಳೆಯ ಸಾಫ್ಟ್‌ವೇರ್‌ಗೆ ಎರಡೂ ಆಗಿಬರಲಿಲ್ಲ. ಈಗ ಹೆಸರು ಅಂದರೆ ಜಾಬ್ ಕಾರ್ಡ್ ನಂಬರ್, ಅಷ್ಟೇ.

ಸಾಹುಕಾರರ ಲಾಗಿನ್

"ಪ್ರೆಸ್ ನಂದು, ಸರ್ವರ್ ನಂದು. ನನಗ್ಯಾಕ ಫುಲ್ ಕೊಡಂಗಿಲ್ಲ ಅಂತೀರಿ?" ಸಾಹುಕಾರರ ಮಗ ಕೇಳಿದ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ನಾನು ಕೇಳಿದೆ: "ಅಣ್ಣಾರ, ಗಿರಾಕಿ ಕಳಿಸಿದ ಮೇಲ್ ಅಟ್ಯಾಚ್‌ಮೆಂಟ್ ಎಲ್ಲಾ ತೆರೆಯೋರು ಯಾರು?" ಅವರೇ. ಫೈಲ್‌ಗಳಿಗೆ ಬೀಗ ಹಾಕಿ ರೊಕ್ಕ ಕೇಳುವ ವೈರಸ್ ಬಂದರೆ ಅದು ಯಾರ ಲಾಗಿನ್‌ನಲ್ಲಿ ಬಂತೋ ಅವರಿಗೆ ಎಷ್ಟು ಬರೆಯುವ ಹಕ್ಕಿದೆಯೋ ಅಷ್ಟನ್ನೂ ಹಾಳು ಮಾಡುತ್ತದೆ. ಓದುವ ಹಕ್ಕು ಮಾತ್ರ ಇದ್ದ ಫೋಲ್ಡರ್‌ಗೆ ಬೀಗ ಹಾಕಲಾರದು.

ಹಾಗಾಗಿ ‘ಮಂದಿ-ಮಾಲೀಕ’ ಗುಂಪಿಗೆ ಎಲ್ಲ ಕಡೆ ಓದು, ಲೆಕ್ಕದಲ್ಲಿ ಮಾತ್ರ ತಿದ್ದು. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಬರೆದು ಲಕೋಟೆಯಲ್ಲಿ ಹಾಕಿ ಸಾಹುಕಾರರ ತಿಜೋರಿಗೆ ಇಟ್ಟೆ. ಹಕ್ಕು ಅವರ ಹತ್ತಿರವೇ ಇದೆ, ದಿನಾ ಮೈಮೇಲೆ ಹೊತ್ತು ತಿರುಗುವುದಿಲ್ಲ, ಅಷ್ಟೇ ಫರಕು.

ಲೆಕ್ಕದ ಒಳಗೆ ‘ಸಂಬಳ’ ಎಂಬ ಫೋಲ್ಡರ್ ಇದೆ, ಇಬ್ಬರು ಲೆಕ್ಕದವರಲ್ಲಿ ಒಬ್ಬರಿಗೇ. ಅದಕ್ಕೆ ಇನ್ಹೆರಿಟೆನ್ಸ್ ಮುರಿದು ಬೇರೆ ಗುಂಪು ಹಾಕಿದೆ. ‘ಸರ್ವರ್ ಮ್ಯಾನೇಜರ್’ನ ‘ಫೈಲ್ ಆ್ಯಂಡ್ ಸ್ಟೋರೇಜ್ ಸರ್ವಿಸಸ್’, ‘ಶೇರ್ಸ್’ನಲ್ಲಿ ಆ ಶೇರ್‌ನ ಪ್ರಾಪರ್ಟೀಸ್ ತೆರೆದು, ‘ಸೆಟ್ಟಿಂಗ್ಸ್’ನಲ್ಲಿ ‘ಆ್ಯಕ್ಸೆಸ್-ಬೇಸ್ಡ್ ಎನ್ಯೂಮರೇಷನ್’ ಟಿಕ್ ಹಾಕಿದರೆ ಹಕ್ಕಿಲ್ಲದವರಿಗೆ ಫೋಲ್ಡರ್ ಹೆಸರೂ ಕಾಣುವುದಿಲ್ಲ. ಕಾಣದ್ದನ್ನು ಯಾರೂ ಕೇಳುವುದಿಲ್ಲ. ಶೇರ್ ಹೆಸರಿನ ಕೊನೆಗೆ ಡಾಲರ್ ಚಿಹ್ನೆ ಹಾಕಿದರೂ ಮರೆಯಾಗುತ್ತದೆ, ಆದರೆ ಅದು ಪರದೆ ಮಾತ್ರ. ಹೆಸರು ಗೊತ್ತಿದ್ದವನು ಟೈಪ್ ಮಾಡಿ ಒಳಗೆ ಬರುತ್ತಾನೆ.

‘ಡಿನೈ’ ಕಾಲಂ ಮುಟ್ಟಬೇಡಿ. ಪ್ರೂಫ್‌ನ ಇನ್ನೊಬ್ಬರು ಅರ್ಧ ದಿನ ಡಿಟಿಪಿಯನ್ನೂ ಮಾಡುತ್ತಾರೆ, ಎರಡು ಗುಂಪಿನಲ್ಲಿದ್ದಾರೆ. ಅಲೋ ಅಲೋ ಕೂಡುತ್ತದೆ, ನಡುವೆ ಒಂದು ಡಿನೈ ಬಂದರೆ ಸಾಮಾನ್ಯವಾಗಿ ಅದೇ ಗೆಲ್ಲುತ್ತದೆ. ಕೊಡಬಾರದು ಅನಿಸಿದರೆ ಕೊಡದೆ ಬಿಟ್ಟರೆ ಸಾಕು.

ಪರೀಕ್ಷೆ

ಅಡ್ವಾನ್ಸ್ಡ್ ಕಿಟಕಿಯ ‘ಎಫೆಕ್ಟಿವ್ ಆ್ಯಕ್ಸೆಸ್’ ಟ್ಯಾಬ್‌ನಲ್ಲಿ ಒಬ್ಬರ ಹೆಸರು ಕೊಟ್ಟರೆ ಅವರಿಗೆ ಏನೇನಿದೆ ಎಂದು ತೋರಿಸುತ್ತದೆ. ಅದನ್ನು ನೋಡಿ, ಆದರೆ ನಂಬಿ ಕೂಡಬೇಡಿ. ‘ಪರೀಕ್ಷೆ’ ಎಂಬ ಒಂದು ಯೂಸರ್ ಮಾಡಿ, ಒಂದೊಂದೇ ಗುಂಪಿಗೆ ಸೇರಿಸಿ, ಡಿಟಿಪಿ ಟೇಬಲ್‌ನ ಕಂಪ್ಯೂಟರ್‌ನಲ್ಲಿ ಲಾಗಿನ್ ಆಗಿ. ಮೊದಲು ಮಾಡಬಾರದ್ದನ್ನು ಮಾಡಿ ನೋಡಿ, ಅದು ಆಗಬಾರದು. ಆಮೇಲೆ ಮಾಡಬೇಕಾದ್ದು.

ಗುಂಪು ಬದಲಿಸಿದ ಪ್ರತಿ ಸಲವೂ ಲಾಗ್ ಆಫ್ ಆಗಿ ಬರಬೇಕು. ಯಾವ ಯಾವ ಗುಂಪು ಎಂಬ ಪಟ್ಟಿ ಲಾಗಿನ್ ಆಗುವಾಗಲೇ ಒಮ್ಮೆ ತಯಾರಾಗುತ್ತದೆ, ಮಧ್ಯೆ ಬದಲಾಗುವುದಿಲ್ಲ. ಇದು ಗೊತ್ತಿಲ್ಲದ ಕಾಲಕ್ಕೆ ನಾನು ಒಂದು ಆಫೀಸಿನಲ್ಲಿ ಇಡೀ ಮಧ್ಯಾಹ್ನ ಸರಿ ಇದ್ದ ಪರ್ಮಿಷನ್ ಬಿಚ್ಚಿ ಬಿಚ್ಚಿ ಕಟ್ಟಿದ್ದೆ. ‘1219’ ನಂಬರಿನ ಎರರ್ ಬಂದರೆ ಆ ಕಂಪ್ಯೂಟರ್ ಅದೇ ಸರ್ವರ್‌ಗೆ ಈಗಾಗಲೇ ಬೇರೆ ಹೆಸರಿನಲ್ಲಿ ಸಂಪರ್ಕ ಇಟ್ಟುಕೊಂಡಿದೆ ಎಂದು ಅರ್ಥ. ‘ನೆಟ್ ಯೂಸ್ * /ಡಿಲೀಟ್’ ಕೊಟ್ಟು ಹಳೆಯದನ್ನು ಬಿಡಿಸಿ.

ಎದ್ದು ಬರುವ ಮೊದಲು

ಕಟ್ಟಿದ ಪರ್ಮಿಷನ್ ಉಳಿಸಿಕೊಳ್ಳಿ. ‘ಐಸಿಎಸಿಎಲ್‌ಎಸ್’ ಮುಂದೆ ಡಿ ಡ್ರೈವಿನ ‘ಪ್ರೆಸ್’, ಆಮೇಲೆ ‘/ಸೇವ್’, ಒಂದು ಫೈಲ್ ಹೆಸರು, ‘/ಟಿ’. ವಾಪಸ್ ತರುವಾಗ ‘/ರೀಸ್ಟೋರ್’ಗೆ ‘ಪ್ರೆಸ್’ ಹೆಸರು ಕೊಡಬಾರದು, ಅದರ ಮೇಲಿನದು, ಅಂದರೆ ಡಿ ಡ್ರೈವ್ ಕೊಡಬೇಕು. ಇಲ್ಲಿ ಎಲ್ಲರೂ ಎಡವುತ್ತಾರೆ.

ಡಿ ಡ್ರೈವಿಗೆ ‘ಶ್ಯಾಡೋ ಕಾಪೀಸ್’ (ಗೊತ್ತುಮಾಡಿದ ಹೊತ್ತಿಗೆ ಫೈಲ್‌ಗಳು ಹೇಗಿದ್ದವೋ ಹಾಗೆ ಉಳಿಸಿಡುವ ಸೌಲಭ್ಯ) ಚಾಲೂ ಮಾಡಿ. ಆಗ ಅಳಿಸಿದ ಫೈಲನ್ನು ‘ಪ್ರೀವಿಯಸ್ ವರ್ಷನ್ಸ್’ನಿಂದ ಅವರೇ ತೆಗೆದುಕೊಳ್ಳುತ್ತಾರೆ, ನಿಮ್ಮ ಬಸ್ ಚಾರ್ಜ್ ಉಳಿಯುತ್ತದೆ. ಅದರ ಮೂಲ ವೇಳಾಪಟ್ಟಿ ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 7 ಮತ್ತು ಮಧ್ಯಾಹ್ನ 12. ಪ್ರೆಸ್ಸು ಶನಿವಾರವೂ ನಡೆಯುತ್ತದೆ, ಸಂಜೆಯೇ ಜೋರು. ಶನಿವಾರ ಸೇರಿಸಿ, ಸಂಜೆ 5 ಮತ್ತು ರಾತ್ರಿ 8ಕ್ಕೂ ಇಟ್ಟೆ. ಒಂದು ಡ್ರೈವಿಗೆ 64 ಪ್ರತಿ ತುಂಬಿದ ಮೇಲೆ ಹಳೆಯದು ಹೋಗುತ್ತ ಬರುತ್ತದೆ. ಡಿಸ್ಕ್ ಸತ್ತರೆ ಇದೂ ಸಾಯುತ್ತದೆ, ಆದ್ದರಿಂದ ಹೊರಗಿನ ಬ್ಯಾಕಪ್ ಬೇರೆ ಇರಲೇಬೇಕು.

ಸಾಹುಕಾರರು ಸಹಿ ಮಾಡಿದ ಕಾಗದವನ್ನು ಅವರದೇ ಮಷಿನ್‌ನಲ್ಲಿ ದಪ್ಪ ಆರ್ಟ್ ಕಾರ್ಡಿನ ಮೇಲೆ ಹೊಡೆಸಿ ಸರ್ವರ್ ರ‍್ಯಾಕಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಮೊನ್ನೆ ಡಿಟಿಪಿಗೆ ಹೊಸ ಹುಡುಗಿ ಸೇರಿದಳು. ಸಾಹುಕಾರರ ಮಗ ಫೋನ್ ಮಾಡಿದಾಗ ನಾನು ಹುಬ್ಬಳ್ಳಿಯಲ್ಲಿ ಇನ್ನೊಬ್ಬರ ಯುಪಿಎಸ್ ಬಿಚ್ಚಿಕೊಂಡು ಕೂತಿದ್ದೆ. ರ‍್ಯಾಕಿನ ಬಾಗಿಲು ತೆರೆದು ಓದಲಿಕ್ಕೆ ಹೇಳಿದೆ. "ಆಕಿನ್ನ ಮಂದಿ-ಡಿಟಿಪಿ ಒಳಗ ಹಾಕಿದ್ರ ಮುಗೀತಲ್ರಿ?" ಅಂದರು. ಹೌದು, ಮುಗೀತು. ಬಿಟ್ಟುಹೋದ ಹುಡುಗನ ಅಕೌಂಟ್ ಅಳಿಸಬೇಡಿ, ‘ಡಿಸೇಬಲ್’ ಮಾಡಿ ಗುಂಪಿನಿಂದ ತೆಗೆಯಿರಿ ಎಂದು ಹೇಳಿ ಫೋನ್ ಇಟ್ಟೆ.